ಮಹದೇವಪೇಟೆಯ ಬೋರ್ಡಿಲ್ಲದ ಮೆಸ್: ಪಿತ್ತಕೋಶ ತೆಗೆಸಿದ ಹೊಟ್ಟೆಗೆ ಒಗ್ಗುವ ಊಟ

ಪಿತ್ತಕೋಶದ ಆಪರೇಷನ್ ಆದವರು ಸಿಕ್ಕಿದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಇನ್ನು ಹೊರಗೆ ಊಟ ಮಾಡುವ ಹಾಗೇ ಇಲ್ವಾ? ಪಂದಿ ಕರಿ (ಕೊಡಗಿನ ಹಂದಿ ಮಾಂಸದ ಸಾರು) ಅಂತೂ ಮುಗಿದೇ ಹೋಯ್ತಾ? ಎರಡಕ್ಕೂ ಉತ್ತರ, ಹಾಗೇನಿಲ್ಲ. ಆದರೆ ಕಡಿಮೆ ಬಡಿಸಿ ಅಂದರೆ ನಿಜವಾಗಿಯೂ ಕಡಿಮೆ ಬಡಿಸುವ ಜಾಗ ಬೇಕು. ಮಡಿಕೇರಿಯಲ್ಲಿ ನನಗೆ ಸಿಕ್ಕಿದ ಅಂಥ ಜಾಗ ಮಹದೇವಪೇಟೆ ಕಡೆಯ ಒಂದು ಚಿಕ್ಕ ಮೆಸ್. ಬೋರ್ಡ್ ಇಲ್ಲ. ಸುತ್ತಮುತ್ತಲಿನ ಅಂಗಡಿಯವರು 'ಅಕ್ಕನ ಮೆಸ್' ಅನ್ನುತ್ತಾರೆ, ಅಷ್ಟೇ ಗುರುತು. ಇರುವುದು ನಾಲ್ಕು ಮೇಜು, ಈಗಲೇ ಜನ ನಿಂತು ಕಾಯುತ್ತಾರೆ, ಅದಕ್ಕೇ ಜಾಸ್ತಿ ವಿಳಾಸ ಹಾಕಬೇಡಿ ಅಂತ ಅಕ್ಕನೇ ಹೇಳಿದ್ದಾರೆ. ಪೇಟೆಯಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ.

ನಾನು ಆಪರೇಷನ್ ಮಾಡಿಸಿಕೊಂಡದ್ದು ಮಳೆಗಾಲದಲ್ಲಿ, ಮೈಸೂರಿನಲ್ಲಿ. ಹೊಟ್ಟೆಗೆ ನಾಲ್ಕು ಸಣ್ಣ ತೂತು ಹಾಕಿ ಮಾಡುವ ಲ್ಯಾಪ್ರೋಸ್ಕೋಪಿ. ನಮ್ಮ ದೊಡ್ಡಮ್ಮನಿಗೆ ಇದೇ ಆಪರೇಷನ್ ಹಳೇ ಕಾಲದಲ್ಲಿ ಆಗಿತ್ತು, ಬಲಗಡೆ ಪಕ್ಕೆಯ ಕೆಳಗೆ ಉದ್ದಕ್ಕೆ ಕೊಯ್ದ ಗುರುತು ಕೊನೆಯವರೆಗೂ ಇತ್ತು. ಬರ್ಲಿನ್‌ನ ಲಾಂಗೆನ್‌ಬುಕ್ ಎಂಬ ಡಾಕ್ಟರು ಮೊದಲ ಸಲ ಪಿತ್ತಕೋಶ ತೆಗೆದದ್ದು 1882ರಲ್ಲಿ. ಆಮೇಲೆ ನೂರು ವರ್ಷ ಎಲ್ಲರಿಗೂ ಹಾಗೇ ಕೊಯ್ಯುತ್ತಿದ್ದರು. ತೂತು ಹಾಕಿ ತೆಗೆಯುವುದನ್ನು ಮೊದಲು ಮಾಡಿದವರೂ ಒಬ್ಬ ಜರ್ಮನ್ ಡಾಕ್ಟರೇ, ಎರಿಕ್ ಮ್ಯೂಹೆ, 1985ರಲ್ಲಿ. ಅವರ ಪುಣ್ಯ, ನಾನು ಬೇಗ ಎದ್ದು ಓಡಾಡಿದೆ. ಹೊಟ್ಟೆ ಕೊಯ್ದು ಮಾಡಿದರೆ ಪೂರ್ತಿ ಸುಧಾರಿಸಿಕೊಳ್ಳಲು ಆರೆಂಟು ವಾರ ಬೇಕು, ತೂತಿನದ್ದಾದರೆ ಸಾಮಾನ್ಯವಾಗಿ ಒಂದೆರಡು ವಾರಕ್ಕೆ ಕುರ್ಚಿಯಲ್ಲಿ ಕೂತು ಮಾಡುವ ಕೆಲಸಕ್ಕೆ ಹೋಗಬಹುದು. ನನ್ನದು ಆಫೀಸು ಕೆಲಸ. ಹಾಗಾಗಿ ಬೇಗ ಮಡಿಕೇರಿಗೆ ಬಂದೆ, ಮಧ್ಯಾಹ್ನದ ಊಟದ ಚಿಂತೆ ಶುರುವಾಯಿತು.

ಮೊದಲು ಹೋದದ್ದು ಬೇರೆ ಒಂದು ಹೋಟೆಲಿಗೆ. ಹೆಸರು ಬೇಡ. ಅರ್ಧ ಊಟ ಕೊಡಿ, ಎಣ್ಣೆ ಕಡಿಮೆ ಇರುವ ಪಲ್ಯ ಇದ್ದರೆ ಹಾಕಿ ಅಂದೆ. ಸಪ್ಲೈ ಮಾಡುವ ಹುಡುಗ 'ಅರ್ಧ ಎಲ್ಲ ಇಲ್ಲ ಸಾರ್, ಬೇಡ ಅಂದ್ರೆ ಬಿಡಿ' ಅಂದ. ತಟ್ಟೆಯಲ್ಲಿ ಪೂರಿ, ಹಪ್ಪಳ, ಮೇಲೆ ಎಣ್ಣೆ ತೇಲುವ ಸಾಗು, ತುಪ್ಪ ಹಾಕಿದ ಅನ್ನ. ಹಣ ಕೊಟ್ಟಾಗಿದೆ, ಬಿಡುವುದಕ್ಕೆ ಮನಸ್ಸು ಬರುವುದಿಲ್ಲ ಅಲ್ವಾ. ಅವರದ್ದು ಪೂರ್ತಿ ತಪ್ಪು ಅಂತಲೂ ಹೇಳಲಾರೆ, ಮಧ್ಯಾಹ್ನದ ಗಲಾಟೆಯಲ್ಲಿ ಒಬ್ಬೊಬ್ಬರ ಹೊಟ್ಟೆ ಕಥೆ ಕೇಳುತ್ತಾ ಕೂರಲು ಆಗುವುದಿಲ್ಲ. ಆದರೂ ಆ ಸಂಜೆ ನಾನು ಪಟ್ಟ ಪಾಡು ಇಲ್ಲಿ ಬರೆಯುವಂಥದ್ದಲ್ಲ.

ಅಕ್ಕನ ಮೆಸ್‌ನಲ್ಲಿ ಕೂತ ತಕ್ಷಣ ಕೇಳಿದ್ದು, 'ಎಷ್ಟು ಹಾಕ್ಲಿ?' ಎಲ್ಲರಿಗೂ ಹಾಗೇ ಕೇಳುತ್ತಾರೆ, ರೋಗಿ ಅಂತ ನನಗೊಬ್ಬನಿಗೆ ಅಲ್ಲ. ಗಾಲ್‌ಬ್ಲಾಡರ್ ತೆಗೆಸಿದ್ದೇನೆ ಅಂದೆ. 'ಅದೆಂತ ಮಾರಾಯ್ರೆ, ಇಲ್ಲಿಗೆ ಬರುವವರಲ್ಲಿ ಅರ್ಧ ಜನ ಅದೇ ಹೇಳ್ತಾರೆ' ಅಂತ ನಕ್ಕು ಒಂದು ಸೌಟು ಅನ್ನ, ತಿಳಿ ಸಾರು, ಒಗ್ಗರಣೆ ಇಲ್ಲದ ಹೀರೆಕಾಯಿ ಪಲ್ಯ ಹಾಕಿದರು. ಬೇಕಾದರೆ ಮತ್ತೆ ಕೇಳಿ ಅಂದರು. ನನ್ನ ಮಟ್ಟಿಗೆ ಈ ಮೆಸ್‌ನ ದೊಡ್ಡ ಗುಣ ಇದೇ. ಪೂರ್ತಿ ಊಟ 90 ರೂಪಾಯಿ, ಅರ್ಧ ಊಟ 50. ಅರ್ಧ ಊಟದ ದರವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾರೆ, ಕೇಳಲು ಮುಜುಗರ ಪಡಬೇಕಾಗಿಲ್ಲ.

ಕಡಿಮೆ ಯಾಕೆ ತಿನ್ನಬೇಕು ಅನ್ನುವುದು ಮನೆಯವರಿಗೆ ಅರ್ಥ ಆಗುವುದೇ ಇಲ್ಲ. ಪಿತ್ತ ತಯಾರಾಗುವುದು ಲಿವರ್‌ನಲ್ಲಿ, ಪಿತ್ತಕೋಶದಲ್ಲಿ ಅಲ್ಲ. ಪಿತ್ತಕೋಶ ಬರೀ ಕೂಡಿಟ್ಟುಕೊಳ್ಳುವ ಚೀಲ. ಪಿತ್ತವನ್ನು ಗಟ್ಟಿ ಮಾಡಿ ಇಟ್ಟುಕೊಂಡಿದ್ದು, ಕೊಬ್ಬಿನ ಊಟ ಬಂದಾಗ ಒಮ್ಮೆಲೇ ಕರುಳಿಗೆ ಸುರಿಯುವುದು ಅದರ ಕೆಲಸ. ಅದನ್ನು ತೆಗೆದ ಮೇಲೂ ಲಿವರ್ ಪಿತ್ತ ಮಾಡುತ್ತಲೇ ಇರುತ್ತದೆ. ಅದು ಹಗಲೂ ರಾತ್ರಿ ಸಣ್ಣಗೆ ಕರುಳಿಗೆ ಹರಿಯುತ್ತಿರುತ್ತದೆ. ತೋಟ ಇರುವವರಿಗೆ ಹೀಗೆ ಹೇಳಬಹುದು, ತೋಡಿನಲ್ಲಿ ನೀರು ಬರುತ್ತಿದೆ, ಆದರೆ ಕೆರೆ ಇಲ್ಲ. ಮಾರ್ಚಿನಲ್ಲಿ ಕಾಫಿ ಹೂ ಬಿಡಿಸಲು ಸ್ಪ್ರಿಂಕ್ಲರ್ ಹಾಕಬೇಕು ಅಂದಾಗ ಒಮ್ಮೆಲೇ ಅಷ್ಟು ನೀರು ಎಲ್ಲಿಂದ ತರುವುದು? ಹಾಗೆಯೇ ಒಂದೇ ಸಲ ಮದುವೆ ಊಟದಷ್ಟು ಕೊಬ್ಬು ಒಳಗೆ ಹೋದರೆ ಕರಗಿಸಲು ಬೇಕಾದಷ್ಟು ಪಿತ್ತ ಆ ಹೊತ್ತಿಗೆ ಇರುವುದಿಲ್ಲ. ಹೊಟ್ಟೆ ಉಬ್ಬುತ್ತದೆ, ಗುಡುಗುಡು ಅನ್ನುತ್ತದೆ, ಓಡಬೇಕಾಗುತ್ತದೆ. ಅದೇ ಕೊಬ್ಬನ್ನು ಸ್ವಲ್ಪ ಸ್ವಲ್ಪ ಹಂಚಿಕೊಂಡು ತಿಂದರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಜೀವನಪೂರ್ತಿ ಎಣ್ಣೆ ಮುಟ್ಟಬೇಡ ಅಂತ ಊರವರು ಹೇಳುವ ಪಥ್ಯವನ್ನು ನನ್ನ ಡಾಕ್ಟರು ಹೇಳಲಿಲ್ಲ. ಮೊದಲ ಕೆಲವು ವಾರ ಕೊಬ್ಬು ಕಡಿಮೆ, ಆಮೇಲೆ ಒಂದೊಂದೇ ಸೇರಿಸಿಕೊಂಡು ನೋಡಿ ಅಂದರು.

ಇನ್ನು ತಿಂಡಿಗಳ ವಿಷಯ. ಇದನ್ನು ಬರೆಯುವುದಕ್ಕೇ ಕೂತದ್ದು.

ಕೊಡಗಿನ ಅಡುಗೆ ಅಂದರೆ ಹೊರಗಿನವರಿಗೆ ಪಂದಿ ಕರಿ ಒಂದೇ ಕಾಣುತ್ತದೆ. ನಿಜ ಹೇಳಬೇಕೆಂದರೆ ಪಿತ್ತಕೋಶ ಇಲ್ಲದವರಿಗೆ ಇಷ್ಟು ಅನುಕೂಲದ ತಿಂಡಿ ಬೇರೆ ಕಡೆ ಸಿಗುವುದು ಕಷ್ಟ. ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ನೂಪುಟ್ಟು (ಒತ್ತು ಶಾವಿಗೆ), ಪಾಪುಟ್ಟು ಎಲ್ಲ ಅಕ್ಕಿಯವು, ಎಲ್ಲ ಸೆಕಲ ಅನ್ನುವ ಹಬೆ ಪಾತ್ರೆಯಲ್ಲಿ ಬೇಯುವಂಥವು, ಒಂದಕ್ಕೂ ಕರಿಯುವ ಎಣ್ಣೆ ಬೇಡ. ಅಕ್ಕನ ಕಡಂಬುಟ್ಟು ತರಿ ಸರಿಯಾಗಿ ಒಡೆದು ಮಾಡಿದ್ದು, ಮೆತ್ತಗಿರುತ್ತದೆ, ಒಳಗೆ ಹಸಿ ಇರುವುದಿಲ್ಲ. ಎರಡು ತಿಂದರೆ ಸಾಕು. ನೂಪುಟ್ಟು ಬೆಳಿಗ್ಗೆ ಮಾತ್ರ, ಅದೂ ಒಂಬತ್ತರ ಒಳಗೆ ಮುಗಿಯುತ್ತದೆ. ಆಪರೇಷನ್ ಆದ ಹೊಸತರಲ್ಲಿ ನೂಪುಟ್ಟಿಗೆ ಸ್ವಲ್ಪ ಸಕ್ಕರೆ, ತೆಳ್ಳಗಿನ ಬೇಳೆ ಸಾರು ಹಾಕಿಕೊಂಡು ತಿಂದದ್ದು ಹೊಟ್ಟೆಯಲ್ಲಿ ಸುಮ್ನೆ ಕೂತಿತ್ತು. ಪಾಪುಟ್ಟು ಮಾತ್ರ ಕಾದು ನೋಡಿ ತಿನ್ನಿ, ಅದರಲ್ಲಿ ಹಾಲು, ತೆಂಗಿನಕಾಯಿ ಎರಡೂ ಇದೆ. ಎಣ್ಣೆ ಇಲ್ಲ ಅಂತ ಬಹಳ ಜನ ಕಾಯಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಕಾಯಿಯ ಕೊಬ್ಬೂ ಕೊಬ್ಬೇ. ಇಲ್ಲಿ ನನ್ನ ದೂರು ಕೂಡ ಅದೇ. ಅಕ್ಕನ ಚಟ್ನಿಯಲ್ಲಿ ಕಾಯಿ ಬಿಟ್ಟರೆ ಬೇರೇನೂ ಇಲ್ಲ. ಹುರಿಗಡಲೆ ಹಾಕಿ ಸ್ವಲ್ಪ ತೆಳ್ಳಗೆ ಮಾಡಿ ಅಂತ ಹೇಳಿ ನೋಡಿದೆ. 'ಅದು ಚಟ್ನಿ ಅಲ್ಲ, ಬೇರೆ ಏನೋ' ಅಂದುಬಿಟ್ಟರು. ಚಟ್ನಿ ವಿಷಯದಲ್ಲಿ ಅವರ ಜೊತೆ ಮಾತಾಡಿ ಪ್ರಯೋಜನ ಇಲ್ಲ.

ಅಕ್ಕಿ ಒಟ್ಟಿ ಚೆನ್ನಾಗಿರುತ್ತದೆ, ಕೆಂಡದ ಮೇಲೆ ಉಬ್ಬಿಸಿದ್ದು. ಬೆಣ್ಣೆ ಬೇಡ ಅಂತ ಮೊದಲೇ ಹೇಳಬೇಕು, ಇಲ್ಲದಿದ್ದರೆ ಕೈ ತಾನಾಗಿ ಹಾಕಿಬಿಡುತ್ತದೆ. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ ಕೇಳಿದರೆ ಸಿಗುತ್ತದೆ, ಮೆನುವಿನಲ್ಲಿ ಇಲ್ಲ. ಮಳೆಗಾಲದಲ್ಲಿ ಕಣಿಲೆ (ಎಳೆ ಬಿದಿರು), ಕೆಸುವಿನ ಸೊಪ್ಪು ಬರುತ್ತದೆ. ಕಣಿಲೆಯಲ್ಲಿ ನಾರು ಜಾಸ್ತಿ, ಹೊಸತರಲ್ಲಿ ಒಂದು ಚಮಚಕ್ಕಿಂತ ಜಾಸ್ತಿ ಬೇಡ. ನಾರಿನ ಪದಾರ್ಥ ಒಳ್ಳೆಯದೇ, ಆದರೆ ಒಮ್ಮೆಲೇ ಜಾಸ್ತಿ ಮಾಡಿದರೆ ಗ್ಯಾಸ್ ತುಂಬುತ್ತದೆ. ಬಾಳೆದಿಂಡಿನ ಪಲ್ಯ ಇದ್ದ ದಿನ ಪಕ್ಕದ ಮೇಜಿನವರು ನನಗೆ ಒಂದು ಪಾಠ ಮಾಡಿದರು, ಮೊದಲೇ ಬಾಳೆದಿಂಡು ತಿಂದಿದ್ದರೆ ಪಿತ್ತಕೋಶದ ಕಲ್ಲು ಕರಗುತ್ತಿತ್ತು, ಆಪರೇಷನ್ನೇ ಬೇಕಿರಲಿಲ್ಲ ಅಂತ. ಬಾಳೆದಿಂಡಿನ ಮಾತು ಬರುವುದು ಕಿಡ್ನಿ ಕಲ್ಲಿಗೆ. ಪಿತ್ತಕೋಶದ ಕಲ್ಲು ಹೆಚ್ಚಾಗಿ ಕೊಲೆಸ್ಟ್ರಾಲ್ ಗಟ್ಟಿಯಾಗಿ ಆಗುವುದು, ಅದು ಇರುವ ಜಾಗ ಬೇರೆ, ದಾರಿಯೂ ಬೇರೆ. ಮೂತ್ರದಲ್ಲಿ ಹೊರಗೆ ಬರುವ ಪ್ರಶ್ನೆಯೇ ಇಲ್ಲ. ಇದನ್ನೆಲ್ಲ ಹೇಳಿದೆ. ಅವರು ಒಪ್ಪಲಿಲ್ಲ. ಪಲ್ಯ ಮಾತ್ರ ಬಹಳ ಚೆನ್ನಾಗಿತ್ತು.

ಈಗ ಪಂದಿ ಕರಿ. ಶುಕ್ರವಾರ ಮತ್ತು ಭಾನುವಾರ ಮಾಡುತ್ತಾರೆ. ಅಕ್ಕ ಹಿಂದಿನ ದಿನವೇ ಬೇಯಿಸಿ ಇಡುತ್ತಾರೆ. ಮಡಿಕೇರಿಯ ಚಳಿಗೆ ಬೆಳಿಗ್ಗೆ ಪಾತ್ರೆಯ ಮೇಲೆ ಕೊಬ್ಬು ಬಿಳಿಯಾಗಿ ಹೆಪ್ಪುಗಟ್ಟಿರುತ್ತದೆ. ನಮ್ಮಂಥವರಿಗೆ ಬೇಕಾದದ್ದನ್ನು ಆ ಕೊಬ್ಬು ತೆಗೆದು ಬೇರೆ ಸಣ್ಣ ಪಾತ್ರೆಯಲ್ಲಿ ಬಿಸಿ ಮಾಡುತ್ತಾರೆ, ತೊಗಲು ಇಲ್ಲದ ಮಾಂಸದ ತುಂಡು ಆರಿಸಿ ಹಾಕುತ್ತಾರೆ. ಹುರಿದ ಕೊತ್ತಂಬರಿ, ಜೀರಿಗೆ, ಮೆಣಸಿನ ಕಪ್ಪು ಮಸಾಲೆ, ಕೊನೆಯಲ್ಲಿ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ), ಇದರಲ್ಲಿ ಯಾವ ರಾಜಿಯೂ ಇಲ್ಲ. ರುಚಿ ಹೇಗೆ? ನೇರವಾಗಿ ಹೇಳುತ್ತೇನೆ, ಪಂದಿ ಕರಿಯ ಅರ್ಧ ರುಚಿ ತೊಗಲು ಕೊಬ್ಬಿನಲ್ಲೇ ಇರುವುದು, ಅದು ಇಲ್ಲದೆ ತುಂಡು ಸ್ವಲ್ಪ ಒಣಗಿದ ಹಾಗಾಗುತ್ತದೆ. ನನ್ನ ಭಾವ ಜೊತೆಗೆ ಬಂದಿದ್ದ, ಒಂದು ತುಂಡು ಬಾಯಿಗೆ ಹಾಕಿ 'ಇದು ಕರಿಯಾ ಕಷಾಯವಾ' ಅಂದ. ಅವನಿಗೆ ಪಿತ್ತಕೋಶ ಇದೆ, ಮಾತಾಡುತ್ತಾನೆ. ನಾನು ಎರಡು ತಿಂಗಳ ನಂತರ ಮೊದಲ ಸಲ ಎರಡು ತುಂಡು, ಎರಡು ಕಡಂಬುಟ್ಟಿನ ಜೊತೆ ತಿಂದೆ. ಏನೂ ಆಗಲಿಲ್ಲ. ಅದಕ್ಕಿಂತ ದೊಡ್ಡ ವಿಮರ್ಶೆ ನನ್ನಿಂದ ಆಗದು. ಹೊಟ್ಟೆ ಖಾಲಿ ಇದ್ದಾಗ ಮಾತ್ರ ಬೇಡ, ಕಾಚಂಪುಳಿಯ ಹುಳಿ ಎದೆ ಉರಿಸುತ್ತದೆ.

ಕಕ್ಕಡ (ಕೊಡವರ ಮಳೆಗಾಲದ ತಿಂಗಳು) ಹದಿನೆಂಟರ ಮದ್ದು ಪಾಯಸದ ವಿಷಯ ಬಿಡುವ ಹಾಗಿಲ್ಲ, ಏಕೆಂದರೆ ಅದರಿಂದ ಒಬ್ಬರು ಗಾಬರಿ ಬಿದ್ದದ್ದನ್ನು ಇದೇ ಮೆಸ್‌ನಲ್ಲಿ ನೋಡಿದೆ. ಆಗಸ್ಟ್ 3ರ ಹೊತ್ತಿಗೆ ಬರುವ ಈ ದಿನ ಮದ್ದು ಸೊಪ್ಪು ಬೇಯಿಸಿ ಆ ನೇರಳೆ ನೀರಿನಲ್ಲಿ ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ ಮಾಡುವುದು ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇದೆ. ಅಕ್ಕನೂ ಮಾಡುತ್ತಾರೆ, ಆ ದಿನ ಪ್ರತಿಯೊಬ್ಬರಿಗೂ ಒಂದು ಲೋಟ ಉಚಿತ. ಅದನ್ನು ತಿಂದರೆ ಮೂತ್ರ ಕೆಂಪಗೆ ಹೋಗುತ್ತದೆ, ಕೊಡಗಿನವರಿಗೆ ಗೊತ್ತಿರುವ ವಿಷಯ. ಮೈಸೂರಿನಿಂದ ವರ್ಗವಾಗಿ ಬಂದ ಒಬ್ಬರಿಗೆ ಗೊತ್ತಿರಲಿಲ್ಲ. ಅವರಿಗೂ ಪಿತ್ತಕೋಶದ ಆಪರೇಷನ್ ಆಗಿತ್ತು, ಮೂತ್ರದ ಬಣ್ಣ ಗಾಢವಾದರೆ ತಕ್ಷಣ ಬನ್ನಿ ಅಂತ ಆಸ್ಪತ್ರೆಯ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಮಾರನೇ ದಿನ ಮುಖ ಬಾಡಿಸಿಕೊಂಡು ಬಂದು ಕೂತಿದ್ದರು ಪಾಪ. ಮದ್ದಿನ ಕೆಂಪು ತಾನಾಗಿ ಬೇಗ ಹೋಗುತ್ತದೆ. ಆದರೆ ಚೀಟಿಯ ಮಾತು ಸುಳ್ಳಲ್ಲ. ಮೂತ್ರ ಗಾಢ, ಜೊತೆಗೆ ಕಣ್ಣು ಹಳದಿ, ಮಲ ಬಿಳಿಚಿಕೊಂಡಿದೆ, ಇಲ್ಲವೇ ಜ್ವರ ಚಳಿ ಬಂದಿದೆ, ಅಥವಾ ಹೊಟ್ಟೆನೋವು ದಿನದಿಂದ ದಿನಕ್ಕೆ ಜಾಸ್ತಿ ಆಗುತ್ತಿದೆ ಅಂದರೆ ಕಾಯಬೇಡಿ. ಪಿತ್ತದ ನಾಳದಲ್ಲಿ ಒಂದು ಕಲ್ಲು ಉಳಿದಿರಬಹುದು, ಅಥವಾ ಪಿತ್ತ ಸೋರುತ್ತಿರಬಹುದು. ಪಾಯಸ ತಿಂದದ್ದಕ್ಕೇ ಇರಬಹುದು ಅಂತ ಮನೆಯಲ್ಲಿ ಕೂರುವ ವಿಷಯ ಅಲ್ಲ.

ಕಾಫಿ ಬಗ್ಗೆ ಎರಡು ಮಾತು. ಕಾಫಿ ಬೆಳೆಯುವ ಊರಿನಲ್ಲಿ ಕಾಫಿ ಬಿಡಿ ಅಂದರೆ ಯಾರು ಬಿಡುತ್ತಾರೆ? ಆದರೆ ಆಪರೇಷನ್ ನಂತರ ಭೇದಿ ಇರುವವರಿಗೆ ಕಾಫಿ, ಹಾಲು ಎರಡೂ ಅದನ್ನು ಜಾಸ್ತಿ ಮಾಡಬಹುದು. ಅಕ್ಕನ ಕಾಫಿ ಗಟ್ಟಿ ಹಾಲಿನದ್ದು, ಲೋಟ ದೊಡ್ಡದು. ನಾನು ಬೆಲ್ಲದ ಕಪ್ಪು ಕಾಫಿ ಅರ್ಧ ಲೋಟ ಕೇಳುತ್ತೇನೆ, ಮುಖ ಸಿಂಡರಿಸಿಕೊಂಡೇ ಕೊಡುತ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಯುವುದು ಬಿಟ್ಟ ಮೇಲೆ ನನಗೆ ಬಹಳ ವ್ಯತ್ಯಾಸ ಆಯಿತು. ಕೆಲವರಿಗೆ ಕಾಫಿ ಬಿಟ್ಟರೂ ಭೇದಿ ನಿಲ್ಲುವುದಿಲ್ಲ. ಪಿತ್ತ ದೊಡ್ಡ ಕರುಳಿನವರೆಗೂ ಹೋಗಿ ಅಲ್ಲಿ ನೀರು ಎಳೆಯುತ್ತದೆ, ಅದಕ್ಕೆ ಕೊಲೆಸ್ಟಿರಮೈನ್ ಅನ್ನುವ ಪುಡಿ ಇದೆ, ಡಾಕ್ಟರ್ ಕೊಡುತ್ತಾರೆ. ವಾರಗಟ್ಟಲೆ ನಾಚಿಕೆಯಿಂದ ಸಹಿಸಿಕೊಂಡು ಇರುವ ಅಗತ್ಯ ಇಲ್ಲ.

ಈ ಕಾರಣಕ್ಕೇ ನಾನು ಯಾವ ಹೋಟೆಲಿಗೆ ಹೋದರೂ ಊಟಕ್ಕೆ ಮೊದಲು ನೋಡುವುದು ಟಾಯ್ಲೆಟ್. ನಗಬೇಡಿ. ಮೊದಲ ತಿಂಗಳು ಊಟ ಮಾಡಿ ಕೈ ತೊಳೆಯುವಷ್ಟರಲ್ಲಿ ಹೊಟ್ಟೆ ಕರೆಯುವ ದಿನಗಳಿದ್ದವು. ಅಕ್ಕನ ಮೆಸ್‌ನಲ್ಲಿ ಟಾಯ್ಲೆಟ್ ಇದೆ, ಕ್ಲೀನ್ ಇದೆ, ನೀರು ಇದೆ. ಆದರೆ ಅದು ಹಿಂದೆ ಹತ್ತು ಮೆಟ್ಟಿಲು ಕೆಳಗೆ ಇಳಿದು ಹೋಗಬೇಕು, ಮೇಲೆ ಶೀಟು ಇಲ್ಲ, ಜುಲೈ ಮಳೆಯಲ್ಲಿ ಕೊಡೆ ಹಿಡಿದುಕೊಂಡು ಹೋಗಬೇಕು. ಪಾಚಿ ಬೇರೆ. ಹೊಟ್ಟೆಗೆ ಹೊಲಿಗೆ ಇರುವವರು ಅಲ್ಲಿ ಜಾರಿದರೆ ಏನು ಗತಿ? ಒಂದು ಕೈಹಿಡಿ, ಒಂದು ಶೀಟು ಹಾಕಿಸಿ ಅಂತ ನಾವು ಸುಮಾರು ಜನ ಹೇಳಿದ್ದೇವೆ. ಕಟ್ಟಡದ ಮಾಲೀಕರು ಒಪ್ಪಬೇಕಂತೆ.

ಮುಂದಿನ ಮೆಟ್ಟಿಲೂ ಅಷ್ಟೇ. ಮಡಿಕೇರಿಯಲ್ಲಿ ಸಮತಟ್ಟು ಜಾಗ ಹುಡುಕಿದರೆ ಸಿಗುವುದಿಲ್ಲ, ಅದಕ್ಕೆ ಅಕ್ಕನನ್ನು ದೂರಿ ಪ್ರಯೋಜನ ಇಲ್ಲ. ನಿಧಾನ ಹತ್ತಿ. ನಡೆಯುವುದು ಒಳ್ಳೆಯದೇ. ತೂತಿನ ಆಪರೇಷನ್‌ನಲ್ಲಿ ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿಸುತ್ತಾರೆ. ಅದರಲ್ಲಿ ಉಳಿದದ್ದು ವಪೆಯನ್ನು (ಎದೆ, ಹೊಟ್ಟೆ ನಡುವಿನ ಪರದೆ) ಕೆಣಕಿ ಮೊದಲ ಕೆಲವು ದಿನ ಭುಜ ನೋಯುತ್ತದೆ, ಕೊಯ್ದದ್ದು ಹೊಟ್ಟೆ, ನೋವು ಹೆಗಲಿಗೆ. ನಡೆದಾಡಿದರೆ ಬೇಗ ಕಡಿಮೆಯಾಗುತ್ತದೆ. ಊಟ ಮಾಡಿ ನಿಧಾನಕ್ಕೆ ರಾಜಾಸೀಟ್ ಕಡೆಗೆ ಹೋಗಿ ಬಂದರೆ ಗ್ಯಾಸಿಗೂ ಒಳ್ಳೆಯದು, ಟೂರಿಸ್ಟ್ ಜನ ಇಲ್ಲದ ವಾರದ ದಿನ ಆದರೆ. ಭಾರ ಎತ್ತುವುದು ಮಾತ್ರ ನಾಲ್ಕರಿಂದ ಆರು ವಾರ ಬೇಡ ಅಂತ ಡಾಕ್ಟರು ಹೇಳುತ್ತಾರೆ, ಗ್ಯಾಸ್ ಸಿಲಿಂಡರ್, ಕಾಫಿ ಮೂಟೆ, ಮಗು ಎಲ್ಲ ಅದರಲ್ಲಿ ಬಂತು. ಕೆಮ್ಮು ಬಂದರೆ ಒಂದು ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು ಕೆಮ್ಮಿ. ತೋಟದ ದಾರಿಯಲ್ಲಿ ಜೀಪಿನಲ್ಲಿ ಹೋಗುವಾಗಲೂ ಅದೇ ದಿಂಬು. ನನ್ನ ಕೈಯಲ್ಲಿ ದಿಂಬು ನೋಡಿ ಅಕ್ಕ ಅದಕ್ಕೊಂದು ಪ್ರತ್ಯೇಕ ಸ್ಟೂಲ್ ಹಾಕಿಕೊಟ್ಟಿದ್ದರು.

ಮದುವೆ ಸೀಸನ್‌ನಲ್ಲಿ ಈ ಮೆಸ್ ಇನ್ನೊಂದು ರೀತಿಯಲ್ಲಿ ಉಪಯೋಗಕ್ಕೆ ಬಂತು. ನಮ್ಮ ಕಡೆಯ ಮದುವೆಗೆ ಹೋಗಿ ತಿನ್ನುವುದಿಲ್ಲ ಅಂದರೆ ಬೇಸರ ಮಾಡಿಕೊಳ್ಳುತ್ತಾರೆ, ತಟ್ಟೆ ಖಾಲಿ ಕಂಡರೆ ಇನ್ನೊಂದು ಸೌಟು ಬೀಳುತ್ತದೆ. ನಾನು ಹನ್ನೊಂದು ಗಂಟೆಗೆ ಇಲ್ಲಿ ಒಂದು ಬಟ್ಟಲು ಗಂಜಿ ಕುಡಿದು ಹೋಗುತ್ತೇನೆ. ಹಸಿವು ಇಲ್ಲದಿದ್ದರೆ ಮಂಟಪದಲ್ಲಿ ಎರಡು ತುಂಡಿಗೆ ನಿಲ್ಲಿಸುವುದು ಸುಲಭ. ಇದನ್ನು ಹೇಳಿಕೊಟ್ಟದ್ದು ಡಾಕ್ಟರಲ್ಲ, ಅಕ್ಕನೇ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಟಾಯ್ಲೆಟ್ ದಾರಿಗೆ. ಚಟ್ನಿಗೂ ಅರ್ಧ ಕಳೆಯಬೇಕೆಂದಿದ್ದೆ, ಗಂಜಿಗಾಗಿ ಬಿಟ್ಟೆ. ಕಾರ್ಡ್ ನಡೆಯುವುದಿಲ್ಲ, ಫೋನಿನಲ್ಲಿ ಸ್ಕ್ಯಾನ್ ಮಾಡಬಹುದು, ಮಳೆ ಜೋರಾದರೆ ನೆಟ್‌ವರ್ಕ್ ಹೋಗುತ್ತದೆ, ಚಿಲ್ಲರೆ ಇಟ್ಟುಕೊಳ್ಳಿ. ಸೋಮವಾರ ರಜೆ. ಶುಕ್ರವಾರ ಸಂತೆ ದಿನ ಹನ್ನೆರಡೂವರೆಯ ಮೊದಲೇ ಹೋಗಿ ಕೂತುಬಿಡಿ, ಸಂತೆಗೆ ಬಂದವರೆಲ್ಲ ಒಂದು ಗಂಟೆಗೆ ನುಗ್ಗುತ್ತಾರೆ, ಆಮೇಲೆ ಕೊಬ್ಬು ತೆಗೆದ ಪಂದಿ ಕರಿಯನ್ನು ಪಿತ್ತಕೋಶ ಇರುವವರೂ ತಿಂದು ಮುಗಿಸಿರುತ್ತಾರೆ.